ರಾಣಿಯ ಎಡಗೈ

"ನಾಯಿಯನ್ನ ಬಿಟ್ಟುಬಿಟ್ರಿ," ಎಂದಳು ಚಿಕ್ಕಮ್ಮ.

ನೇರಳೆ ದೀಪ ಹಿಡಿದಿದ್ದ ಕೈ ಗಾಳಿಯಲ್ಲೇ ನಿಂತಿತು.

"ಏನಂದ್ರಿ ಮೇಡಂ?"

"ಮೇಜಿನ ಕಾಲು ನೋಡಿದ್ವಿ. ನಿಲುವಂಗಿಯ ಅಂಚು ನೋಡಿದ್ವಿ. ಕಲ್ಲುಹಾಸನ್ನ ಒಂದೊಂದೇ ಚೌಕ ನೋಡಿದ್ವಿ. ನಡುವೆ ಮಲಗಿರೋ ನಾಯಿ ಮೇಲೆ ಮಾತ್ರ ಬೆಳಕು ಬೀಳ್ಲಿಲ್ಲ. ಎರಡು ಸಲ ಹತ್ತಿರ ಹೋದ್ರಿ, ಎರಡು ಸಲವೂ ಪಕ್ಕಕ್ಕೆ ಸರಿಸಿಬಿಟ್ರಿ."

ಹೊರಗೆ ಬೆಳಗಿನ ಹನ್ನೊಂದರ ಬಿಸಿಲು. ಮ್ಯೂಸಿಯಂ ಮಹಡಿಯ ದುರಸ್ತಿ ಕೋಣೆಯ ಕಿಟಕಿಗಳಿಗೆಲ್ಲ ಕರಿಬಟ್ಟೆ ಬಿಗಿದಿದ್ದರಿಂದ ಒಳಗೆ ಗವಿಯಂಥ ಕತ್ತಲು. ಆ ಕತ್ತಲಲ್ಲಿ, ಚಿತ್ರದೊಳಗೆ, ಆಳೆತ್ತರದ ರಾಣಿ, ಆಕೆಯ ಮುಂದೆ ಇಬ್ಬರು ಹೆಂಗಸರು.

ಕಳೆದ ಗುರುವಾರ ಇದೇ ಚಿತ್ರದ ಮುಂದೆ, ನಲವತ್ತು ವರ್ಷ ಚಿತ್ರಗಳ ದುರಸ್ತಿಯಲ್ಲೇ ಕಣ್ಣು ಸವೆಸಿದ ಮೇಷ್ಟ್ರು ಸತ್ತು ಸಿಕ್ಕಿದ್ದರು. ದ್ರಾವಕದ ಹೊಗೆ ತಲೆಗೇರಿ ಆದ ಅವಘಡ ಎಂದು ಎಲ್ಲರೂ ಒಪ್ಪಿಯಾಗಿತ್ತು, ಚಿಕ್ಕಮ್ಮನೊಬ್ಬಳನ್ನು ಬಿಟ್ಟು.

ಚಿಕ್ಕಮ್ಮ ಎನ್ನುವುದು ಆಕೆಯ ಹೆಸರಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಪತ್ತೇದಾರಿ ವಿಭಾಗಕ್ಕೆ ಮೊದಲ ಹೆಂಗಸಾಗಿ ಬಂದ ವಾರದಲ್ಲೇ ಒಬ್ಬ ಜೇಬುಗಳ್ಳ "ಈ ಸಲ ಬಿಟ್ಬಿಡಿ ಚಿಕ್ಕಮ್ಮಾ" ಎಂದು ಆಕೆಯ ಬೂಟು ಹಿಡಿದು ಗೋಳಾಡಿದ್ದ. ಕಳ್ಳ ಜೈಲಿಗೆ ಹೋದ, ಹೆಸರು ಇಲ್ಲೇ ಉಳಿಯಿತು. ಎದುರಿಗೆ ಮೇಡಂ, ಬೆನ್ನ ಹಿಂದೆ ಪೇದೆಯಿಂದ ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಚಿಕ್ಕಮ್ಮ.

"ನಾಯಿ ಮೇಲೆ ಹಿಡೀರಿ," ಎಂದಳು ಮತ್ತೆ, ಮೆತ್ತಗೆ.

ದೀಪ ಹಿಡಿದಿದ್ದವಳು ಮೇಷ್ಟ್ರ ಸೊಸೆ. ಮಾವನ ಕೈಕೆಳಗೇ ಕೆಲಸ ಕಲಿತವಳು. ಈಗ ಈ ಕಟ್ಟಡದಲ್ಲಿ ಈ ವಿದ್ಯೆ ಬಲ್ಲವಳು ಅವಳೊಬ್ಬಳೇ. ಅವಳಿಲ್ಲದೆ ಚಿಕ್ಕಮ್ಮನಿಗೆ ಈ ಚಿತ್ರ ಬರೀ ಬಟ್ಟೆ, ಬಣ್ಣ. ನೇರಳೆ ಬೆಳಕಿನಲ್ಲಿ ಹಳೆಯ ವಾರ್ನಿಷ್ ಪಾಚಿಯ ಹಾಗೆ ಹಸಿರಾಗಿ ಹೊಳೆಯುತ್ತದೆ, ಅದರ ಮೇಲೆ ಇತ್ತೀಚೆಗೆ ಯಾರಾದರೂ ಬಣ್ಣ ಮುಟ್ಟಿಸಿದ್ದರೆ ಆ ಜಾಗ ಮಾತ್ರ ಕಪ್ಪು ತೂತಿನಂತೆ ಕಾಣುತ್ತದೆ ಎಂದು ಸೋಮವಾರ ಹೇಳಿಕೊಟ್ಟವಳೂ ಇವಳೇ. ಸೋಮವಾರ ಚಿತ್ರದ ಮೇಲರ್ಧ ನೋಡಿದ್ದರು. ಮುಖ, ಕತ್ತು, ಎರಡೂ ಕೈ, ಎಲ್ಲ ಹಸಿರು. ಇವತ್ತು ಕೆಳಗಿನರ್ಧ.

ದೀಪ ನಿಧಾನವಾಗಿ ಇಳಿಯಿತು. ನಾಯಿಯ ಕಿವಿ ಹಸಿರು. ಬೆನ್ನು ಹಸಿರು. ಮುಂಗಾಲಿನ ಬಳಿ, ಬೆಂಕಿಪೊಟ್ಟಣದಷ್ಟು ಅಗಲಕ್ಕೆ, ಮಸಿ ಚೆಲ್ಲಿದಂಥ ಕಪ್ಪು.

ಚಿಕ್ಕಮ್ಮ ಉಸಿರು ಬಿಟ್ಟಳು. ಸೊಸೆ ಬಿಡಲಿಲ್ಲ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಉತ್ತರಕ್ಕೆ ಕಾಯದೆ ಒಳಬಂದವರು ಮ್ಯೂಸಿಯಂ ನಿರ್ದೇಶಕರು. ಬಂದವರೇ ಜೇಬಿನಿಂದ ಕರವಸ್ತ್ರ ತೆಗೆದು, ಅದನ್ನು ಬೆರಳಿಗೆ ಸುತ್ತಿ ಗೋಡೆಯ ಸ್ವಿಚ್ ಒತ್ತಿದರು. ಬೆಳಕು ಕಣ್ಣಿಗೆ ಹೊಡೆಯಿತು. ಚಿತ್ರ ತನ್ನ ನಿಜವಾದ ಬಣ್ಣಕ್ಕೆ ಮರಳಿತು. ನಾಯಿಯ ಕಾಲ ಬಳಿ ಬರಿಗಣ್ಣಿಗೆ ಏನೂ ಇಲ್ಲ.

"ಕ್ಷಮಿಸಿ, ನನಗೆ ಕತ್ತಲು ಆಗಲ್ಲ," ಎಂದರು. "ಕೆಲಸ ಎಲ್ಲಿಗೆ ಬಂತು ಮೇಡಂ? ಭಾನುವಾರ ಪರದೆ ಸರಿಸೋ ಸಮಾರಂಭ. ಇನ್ನು ಉಳಿದಿರೋದು ಮೂರು ದಿನ. ನಿಮ್ಮ ದೊಡ್ಡ ಸಾಹೇಬರಿಗೂ ಫೋನ್ ಮಾಡಿದ್ದೆ."

"ಗೊತ್ತು. ಅವರು ನನಗೆ ಮಾಡಿದ್ರು. ಸಂಜೆಯೊಳಗೆ ಕಡತ ಮುಚ್ಚಬೇಕಂತೆ."

ಚಿಕ್ಕಮ್ಮನ ಕಣ್ಣು ಕರವಸ್ತ್ರದ ಮೇಲಿತ್ತು. ಮೇಷ್ಟ್ರು ಸತ್ತ ದಿನ ಹೊಗೆ ಎಳೆಯುವ ಫ್ಯಾನು ನಿಂತಿತ್ತು. ಅದರ ಸ್ವಿಚ್ಚಿನ ಮೇಲೆ ಮೇಷ್ಟ್ರ ಬೆರಳಚ್ಚೂ ಇರಲಿಲ್ಲ, ಮತ್ತೊಬ್ಬರದೂ ಇರಲಿಲ್ಲ. ದಿನಕ್ಕೆ ಹತ್ತು ಸಲ ಒತ್ತುವ ಸ್ವಿಚ್ಚು ತೊಳೆದಿಟ್ಟ ತಟ್ಟೆಯಂತೆ ಚೊಕ್ಕಟವಾಗಿತ್ತು. ಆ ಚೊಕ್ಕಟವೇ ಚಿಕ್ಕಮ್ಮನನ್ನು ಆರು ದಿನದಿಂದ ಒಂದು ಕಡೆ ಕೂರಲು ಬಿಟ್ಟಿರಲಿಲ್ಲ.

"ಸ್ವಿಚ್ ಯಾವಾಗ್ಲೂ ಹೀಗೇ ಹಾಕ್ತೀರಾ?"

"ಏನು, ಇದಾ?" ನಿರ್ದೇಶಕರು ಕರವಸ್ತ್ರ ನೋಡಿಕೊಂಡು ನಕ್ಕರು. "ಹಳೇ ಅಭ್ಯಾಸ. ಇಲ್ಲಿ ಮುಟ್ಟಿದ್ದಕ್ಕೆಲ್ಲ ಒಂದಲ್ಲ ಒಂದು ವಿಷ ಅಂಟಿರುತ್ತೆ ಅಂತ ಮೇಷ್ಟ್ರೇ ಹೇಳ್ತಿದ್ರು."

ಅವರು ಚಿತ್ರದ ಕಡೆ ತಿರುಗಿದರು. ಭಾನುವಾರದ ಭಾಷಣ ಆಗಲೇ ಗಂಟಲಿಗೆ ಬಂದು ಕುಳಿತಂತಿತ್ತು.

"ಒಂದೊಂದು ವಸ್ತುವೂ ಒಂದೊಂದು ಮಾತು ಹೇಳುತ್ತೆ ನೋಡಿ. ಹಿಂದೆ ಆರಿದ ದೀಪ, ಅದರಿಂದ ಏಳೋ ಹೊಗೆಯ ಎಳೆ. ಅಂದ್ರೆ ರಾಜ ತೀರಿಕೊಂಡಿದ್ದಾನೆ. ಬಲಗೈ ಕತ್ತಿಯ ಹಿಡಿ ಮೇಲೆ, ಆದರೆ ಕತ್ತಿ ಒರೆಯಲ್ಲಿ. ಶಕ್ತಿ ಇದೆ, ಅವಸರ ಇಲ್ಲ. ಕಾಲ ಬುಡದಲ್ಲಿ ನಾಯಿ ನಿದ್ದೆ ಮಾಡ್ತಿದೆ, ರಾಜ್ಯದಲ್ಲಿ ಕಳ್ಳರ ಭಯ ಇಲ್ಲ."

"ಎಡಗೈ?"

"ಅದೇ ಮುಖ್ಯ! ತೋರುಬೆರಳಲ್ಲಿ ಮುದ್ರೆಯುಂಗುರ. ಆ ಕಾಲದಲ್ಲಿ ಎಳೆ ಮಗನ ಪರವಾಗಿ ಆಳೋ ತಾಯಿ ಅದನ್ನ ಹೆಬ್ಬೆರಳಿಗೆ ಹಾಕ್ಕೋಬೇಕಿತ್ತು. ತನ್ನ ಹಕ್ಕಿನಿಂದಲೇ ಆಳೋಳು ತೋರುಬೆರಳಿಗೆ. ಈಕೆಗೆ ಮಕ್ಕಳಿರ್ಲಿಲ್ಲ. ಈಕೆ ನಂತರ ಪಟ್ಟ ಮೈದುನನ ವಂಶಕ್ಕೆ ಹೋಯ್ತು. ನಮ್ಮ ಟ್ರಸ್ಟಿನ ಅಧ್ಯಕ್ಷರು ಅದೇ ವಂಶದವರು, ಗೊತ್ತಲ್ಲ? ಶಾಲೆ ಪುಸ್ತಕದಲ್ಲಿ, ಅಂಚೆಚೀಟಿಯಲ್ಲಿ, ಎಲ್ಲ ಕಡೆ ಈ ಬೆರಳೇ."

"ಮೂವತ್ತೆಂಟು ವರ್ಷದ ಹಿಂದೆ ಮೇಷ್ಟ್ರು ಈ ಚಿತ್ರ ದುರಸ್ತಿ ಮಾಡಿದಾಗ ನೀವು ಇಲ್ಲೇ ಇದ್ರಾ?"

ನಿರ್ದೇಶಕರ ನಗು ಅರ್ಧಕ್ಕೆ ನಿಂತಿತು. "ಗುಮಾಸ್ತನಾಗಿದ್ದೆ. ಚಿತ್ರ ಹೊರಗೆ ಹೋದಾಗ, ಒಳಗೆ ಬಂದಾಗ ಚೀಟಿ ಬರೆಯೋ ಗುಮಾಸ್ತ. ಅಷ್ಟೇ."

"ಹೊರಗೆ ಹೋಗಿತ್ತಾ?"

"ಮೇಷ್ಟ್ರ ಮನೆಗೆ. ಆಗ ಇಲ್ಲಿ ಇಂಥ ಕೋಣೆ ಎಲ್ಲಿತ್ತು?" ಗಡಿಯಾರ ನೋಡಿಕೊಂಡರು. "ಕೆಲಸ ನಡೀಲಿ."

ಹೋಗುವಾಗ ಬಾಗಿಲ ಹಿಡಿಯನ್ನೂ ಕರವಸ್ತ್ರದಿಂದಲೇ ಎಳೆದುಕೊಂಡರು.

ಚಿಕ್ಕಮ್ಮ ಗೋಡೆಯ ದೀಪ ಆರಿಸಲಿಲ್ಲ. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದಳು, ತಿರುಗಿದಳು, ಮತ್ತೆ ನಡೆದಳು. ಕೂತು ಯೋಚಿಸುವವರನ್ನು ಕಂಡರೆ ಅವಳಿಗೆ ಹೊಟ್ಟೆಕಿಚ್ಚು. ತನಗೆ ಆ ಭಾಗ್ಯವಿಲ್ಲ. ತಲೆ ಓಡಬೇಕಾದರೆ ಕಾಲೂ ಓಡಬೇಕು. ಮನೆಯಲ್ಲಿ ಗಂಡ "ನೆಲದ ಹಾಸು ನಿನ್ನಿಂದಲೇ ಸವೆದದ್ದು" ಎನ್ನುತ್ತಾನೆ.

"ಈಗ ಹೇಳಿ. ನಾಯಿ ಕಾಲ ಹತ್ರ ಬಣ್ಣ ಹಚ್ಚಿದ್ದು ಯಾರು?"

"ಹಳೇ ದುರಸ್ತಿ ಇರಬಹುದು ಮೇಡಂ."

"ಹಳೇದಾದ್ರೆ ಅದನ್ನ ದಾಟಿಸಿ ಹೋಗೋ ಕಷ್ಟ ನಿಮಗ್ಯಾಕೆ?"

ಸೊಸೆ ಕೆಲಸದ ಮೇಜಿಗೆ ಒರಗಿದಳು. ಮೂವತ್ತೈದರ ಆಸುಪಾಸಿನ ಹೆಂಗಸು. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಂದುಬಣ್ಣ. ಮೇಜಿನ ಮೇಲೆ ಸಾಲಾಗಿ ಕುಂಚಗಳು, ಹತ್ತಿ ಸುತ್ತಿದ ಕಡ್ಡಿಗಳು, ಬಿರಡೆ ಹಾಕಿದ ಸೀಸೆಗಳು. ಅವಳು ಒಂದು ಕುಂಚ ಎತ್ತಿ, ಮತ್ತೆ ಅದೇ ಜಾಗಕ್ಕಿಟ್ಟಳು.

"ನಾನೇ," ಎಂದಳು.

"ಯಾವಾಗ?"

"ಗುರುವಾರ. ಮಾವ ಸತ್ತ ದಿನ." ದನಿ ಗಟ್ಟಿಯಾಗಿಯೇ ಇತ್ತು, ಮಾತು ಮಾತ್ರ ತುಂಡುತುಂಡು. "ಮಧ್ಯಾಹ್ನ ಮನೇಲಿ ಅತ್ತೆಗೆ ಊಟ ಕೊಟ್ಟು, ಮಾವನ ಬುತ್ತಿ ತಂದೆ. ಎರಡು ಗಂಟೆ ಇರಬೇಕು. ಬಾಗಿಲು ಬರೀ ಮುಂದೆ ಮಾಡಿತ್ತು. ವಾಸನೆ ಗಪ್ಪಂತ ಮುಖಕ್ಕೆ ಹೊಡೀತು. ಮಾವ ಸ್ಟೂಲ್ ಮೇಲೆ ಕೂತು ಮೇಜಿಗೆ ತಲೆ ಆನಿಸಿದ್ರು. ಮಲಗಿದಾರೇನೋ ಅಂತ ಭುಜ ಮುಟ್ಟಿದೆ. ತಣ್ಣಗಿತ್ತು."

"ಆಮೇಲೆ?"

"ಕಿಟಕಿ ತೆಗೆದೆ. ಕೂಗ್ಬೇಕು ಅಂತ ಬಾಗಿಲಿಗೆ ಹೋಗ್ತಿದ್ದೆ. ಆಗ ನಾಯಿ ಕಾಲ ಹತ್ರ ಕಿಂಡಿ ಕಾಣಿಸ್ತು."

"ಕಿಂಡಿ?"

"ಕೊಳೆ ಎಷ್ಟಿದೆ ಅಂತ ನೋಡೋಕೆ ಮೊದಲು ಒಂದು ಪುಟ್ಟ ಚೌಕದಷ್ಟು ವಾರ್ನಿಷ್ ತೆಗೀತೀವಲ್ಲ, ಅದಕ್ಕೆ ಮಾವ ಕಿಂಡಿ ಅಂತಿದ್ರು. ಕಿಂಡಿಯೊಳಗೆ ಒಂದು ಇರುವೆ ಇತ್ತು."

ಚಿಕ್ಕಮ್ಮ ನಡೆಯುವುದನ್ನು ನಿಲ್ಲಿಸಿದಳು.

"ಜೀವಂತ ಇರುವೆ ಅಲ್ಲ ಮೇಡಂ. ಬರೆದದ್ದು. ಮೂರು ಚುಕ್ಕೆ, ಆರು ಕಾಲು. ಮಾವನ ಗುರುತು. ನಮ್ಮನೇಲಿ ಅದಿಲ್ಲದ ಸಾಮಾನಿಲ್ಲ. ಏಣಿ ಮೇಲೆ, ಉಪಕರಣದ ಪೆಟ್ಟಿಗೆ ಮೇಲೆ, ನನ್ನ ಗಂಡ ಚಿಕ್ಕವರಿದ್ದಾಗಿನ ಸ್ಲೇಟಿನ ಚೌಕಟ್ಟಿನ ಮೇಲೆ ಕೂಡ. ತಾನೇ ಕೈಯಾರೆ ಮಾಡಿದ್ದಕ್ಕೆ ಮಾತ್ರ ಆ ಇರುವೆ ಬರೀತಿದ್ರು."

ಮುನ್ನೂರು ವರ್ಷದ ರಾಣಿಯ ಪಕ್ಕದಲ್ಲಿ, ವಾರ್ನಿಷ್ಷಿನ ಕೆಳಗೆ, ಮೇಷ್ಟ್ರ ಇರುವೆ. ಅದರ ಅರ್ಥ ಚಿಕ್ಕಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಈ ಚಿತ್ರ ಬರೆದದ್ದು ನಿಮ್ಮ ಮಾವ."

ಸೊಸೆ ತಲೆಯಾಡಿಸಿದಳು. "ನಕಲು. ಅಂಚೆಚೀಟಿ ಮೇಲಿರೋ ಚಿತ್ರ, ಜನ ಸಾಲು ನಿಂತು ನೋಡೋ ಚಿತ್ರ, ನಮ್ಮನೇಲಿ ಬರೆದ ನಕಲು. ಅಸಲು ಎಲ್ಲಿಗೆ ಹೋಯ್ತೋ ನನಗೆ ಗೊತ್ತಿಲ್ಲ. ಆಣೆಗೂ ಗೊತ್ತಿಲ್ಲ. ಯಾರಿಗೋ ಮಾರಿರಬೇಕು ಅಂತ ಅನ್ನಿಸ್ತು. ಅನ್ನಿಸಿದ ತಕ್ಷಣ ಕೈ ಕುಂಚಕ್ಕೆ ಹೋಯ್ತು."

"ಮುಚ್ಚಿಬಿಟ್ರಿ."

"ಮಾವ ಪಕ್ಕದಲ್ಲೇ ಸತ್ತು ಕೂತಿದ್ರು. ನಾನು ನಿಂತು ಕಂದುಬಣ್ಣ ಕಲಸ್ತಿದ್ದೆ. ಬಣ್ಣ ಹೊಂದಿತಾ ಇಲ್ವಾ ಅಂತ ಎರಡು ಸಲ ಹಿಂದೆ ಸರಿದು ನೋಡಿದೆ ಮೇಡಂ. ಕೈ ಒಂಚೂರೂ ನಡುಗ್ಲಿಲ್ಲ. ಆಮೇಲೆ ಕುಂಚ ತೊಳೆದು, ಒರೆಸಿ, ಜಾಗಕ್ಕಿಟ್ಟು, ಆಮೇಲೆ ಕಿರುಚಿದೆ." ಮೊದಲ ಬಾರಿಗೆ ಅವಳ ಕಣ್ಣು ತುಂಬಿತು. "ಸತ್ತಿದ್ದಕ್ಕಿಂತ ಅದೇ ನನ್ನನ್ನ ತಿಂತಿದೆ. ಮೊದಲು ಕಿರುಚಬೇಕಿತ್ತು."

ಇಂಥ ಹೊತ್ತಿನಲ್ಲಿ ಸಮಾಧಾನದ ಮಾತು ಆಡಿದರೆ ಎದುರಿನವರ ಬಾಯಿ ಮುಚ್ಚಿಕೊಳ್ಳುತ್ತದೆ ಎಂಬುದು ಚಿಕ್ಕಮ್ಮನ ಅನುಭವ. ಆದರೂ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಸೊಸೆಯ ಕಡೆ ಸರಿಸಿದಳು.

"ಫ್ಯಾನಿನ ಸ್ವಿಚ್ ಒರೆಸಿದ್ದೂ ನೀವೇನಾ?"

"ಸ್ವಿಚ್ಚಾ?" ಸೊಸೆ ಕಣ್ಣೊರೆಸಿಕೊಳ್ಳುತ್ತಿದ್ದ ಕೈ ತಡೆದಳು. "ಇಲ್ಲ. ಅದನ್ನ ಮುಟ್ಟೇ ಇಲ್ಲ. ಫ್ಯಾನ್ ಓಡ್ತಿಲ್ಲ ಅನ್ನೋದೇ ನೀವು ಹೇಳಿದ ಮೇಲೆ ಗೊತ್ತಾಗಿದ್ದು."

ಸುಳ್ಳು ಹೇಳುವವರು ಇಷ್ಟು ಬೇಗ ಆಶ್ಚರ್ಯಪಡುವುದಿಲ್ಲ. ಚಿಕ್ಕಮ್ಮ ಮತ್ತೆ ನಡೆಯತೊಡಗಿದಳು.

ಮೂವತ್ತೆಂಟು ವರ್ಷ ಯಾರಿಗೂ ಕಾಣದ ಹಾಗೆ ಮುಚ್ಚಿಟ್ಟ ಗುರುತನ್ನು ಮೇಷ್ಟ್ರು ಗುರುವಾರ ತಾವೇ ಯಾಕೆ ತೆರೆದರು? ಕೊಳೆ ಪರೀಕ್ಷೆಗೆ ಇಡೀ ಚಿತ್ರ ಬಿದ್ದಿದೆ. ಸರಿಯಾಗಿ ಇರುವೆಯ ಮೇಲೇ ಕಿಂಡಿ ತೆಗೆದರೆಂದರೆ ತೋರಿಸಬೇಕೆಂದೇ ತೆಗೆದದ್ದು. ತೋರಿಸಲು ಎದುರಿಗೆ ಒಬ್ಬರು ಬೇಕು.

ಕೈಚೀಲದಿಂದ ಗುರುವಾರದ ಫೋಟೋ ತೆಗೆದಳು. ಪೋಲೀಸಿನವರು ಬಂದಾಗ ಕೋಣೆ ಹೇಗಿತ್ತೋ ಹಾಗೆ ತೆಗೆದದ್ದು.

"ಇಲ್ಲಿ ಎರಡು ಸ್ಟೂಲಿವೆ. ಒಂದರ ಮೇಲೆ ಮೇಷ್ಟ್ರು. ಇನ್ನೊಂದನ್ನ ನೀವು ಎಳೆದುಕೊಂಡ್ರಾ?"

ಸೊಸೆ ಫೋಟೋ ಹತ್ತಿರ ಹಿಡಿದು ನೋಡಿದಳು. ಹುಬ್ಬು ಗಂಟಾಯಿತು.

"ಇಲ್ಲ. ಇದು ಮೂಲೇಲಿ ಇರ್ತಿತ್ತು, ಡಬ್ಬಿಗಳ ಕೆಳಗೆ. ಮಾವ ಯಾರಿಗೂ ಕೂರು ಅನ್ನೋರಲ್ಲ ಮೇಡಂ. ನಾನು ಏಳು ವರ್ಷ ನಿಂತೇ ಕೆಲಸ ಕಲಿತೆ. ನಿರ್ದೇಶಕರು ಬಂದ್ರೂ ನಿಂತೇ ಮಾತಾಡ್ಸಿ ಕಳಿಸೋರು. ಡಬ್ಬಿ ಎಲ್ಲ ಇಳಿಸಿ ಸ್ಟೂಲು ಹಾಕಿದಾರೆ ಅಂದ್ರೆ..."

"ಮರ್ಯಾದೆ ಇದ್ದವರು ಬಂದಿದ್ರು."

"ಇಲ್ಲಾ ನಿಲ್ಲೋಕೆ ಆಗದವರು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಚಿಕ್ಕಮ್ಮನ ಕೈಚೀಲದಲ್ಲಿ ಫೋನು ಗುರುಗುಟ್ಟಿತು. ದೊಡ್ಡ ಸಾಹೇಬರು. ತೆಗೆಯಲಿಲ್ಲ. ಸಂಜೆಗೆ ಇನ್ನೂ ಹೊತ್ತಿದೆ.

ಆದರೆ ಕಾಲು ನಿಲ್ಲಲೊಲ್ಲದು. ಗೋಡೆಯ ದೀಪ ಆರಿಸಿ, ಸೊಸೆಯ ಕೈಯಿಂದ ನೇರಳೆ ದೀಪ ಕಿತ್ತುಕೊಂಡು ಚಿತ್ರದ ಮುಂದೆ ಹಾದಳು. ನಿರ್ದಿಷ್ಟವಾಗಿ ಏನನ್ನೂ ಹುಡುಕುತ್ತಿರಲಿಲ್ಲ. ಕೈಗೆ ಕೆಲಸ ಬೇಕಿತ್ತು, ಅಷ್ಟೇ. ಆರಿದ ದೀಪ ಹಸಿರು. ಸತ್ತ ರಾಜನ ಹೊಗೆ ಹಸಿರು. ರಾಣಿಯ ಕೆನ್ನೆ, ಗಲ್ಲ, ಕತ್ತಿನ ಸರ. ಕತ್ತಿಯ ಹಿಡಿ. ಮೇಜಿನ ಮೇಲೆ ಊರಿದ ಎಡಗೈ.

ಎಡಗೈ ಇರಲಿಲ್ಲ.

ಮಣಿಕಟ್ಟು ಹಸಿರಾಗಿ ಬಂದು ಅಲ್ಲಿಗೆ ಮುಗಿದಿತ್ತು. ಮುಂದೆ ಅಂಗೈಯಗಲದ ಕಪ್ಪು ಕುಳಿ.

"ಇಲ್ಲೂ ಹಚ್ಚಿದ್ರಾ?" ಚಿಕ್ಕಮ್ಮನ ದನಿ ಚೂಪಾಯಿತು.

"ಇಲ್ಲ! ನಾನು ಹಚ್ಚಿದ್ದು ನಾಯಿ ಹತ್ರ ಒಂದೇ." ಸೊಸೆ ಓಡಿಬಂದಳು. "ಸೋಮವಾರ ಈ ಕೈ ಹಸಿರಿತ್ತು. ನೀವೇ ನೋಡಿದ್ರಿ. ಐದು ಬೆರಳೂ ಎಣಿಸಿದ್ರಿ."

ನಿಜ. ಎಣಿಸಿದ್ದಳು. ಸೋಮವಾರ ಸಂಜೆ ತಾನೇ ನಿಂತು ಈ ಕೋಣೆಗೆ ಬೀಗ ಹಾಕಿಸಿದ್ದಳು. ಇದ್ದ ಮೂರು ಬೀಗದ ಕೈಗಳಲ್ಲಿ ಮೇಷ್ಟ್ರದು ಮತ್ತು ನಿರ್ದೇಶಕರದು ತನ್ನ ಕೈಚೀಲದಲ್ಲಿವೆ. ಮೂರನೆಯದು ಬಾಗಿಲು ಕಾಯುವ ದಫೇದಾರನ ಸೊಂಟದಲ್ಲಿ.

ಸೊಸೆ ಹತ್ತಿಯ ಕಡ್ಡಿಯೊಂದನ್ನು ಸೀಸೆಗೆ ಅದ್ದಿ, ಫ್ಯಾನು ಹಾಕಿ, ಚಿತ್ರದ ಮುಂದೆ ಮೊಣಕಾಲೂರಿದಳು. ಕಡ್ಡಿಯನ್ನು ಬೆರಳಲ್ಲಿ ಉರುಳಿಸುತ್ತಾ, ತಾಗಿತೋ ಇಲ್ಲವೋ ಎನ್ನುವಂತೆ ರಾಣಿಯ ಬೆರಳ ಗೆಣ್ಣಿಗೆ ಮುಟ್ಟಿಸಿದಳು. ಬಿಳಿ ಹತ್ತಿ ಒಂದೇ ಉರುಳಿಗೆ ಮೈಬಣ್ಣಕ್ಕೆ ತಿರುಗಿತು.

"ಇಷ್ಟು ಬೇಗ ಬರಬಾರದು," ಎಂದು ಗೊಣಗಿದಳು. "ನಮ್ಮ ಬಣ್ಣ ಅರ್ಧ ದಿನದಲ್ಲಿ ಗಟ್ಟಿಯಾಗುತ್ತೆ. ಇದಿನ್ನೂ ಹಸಿ. ಇವತ್ತು ಬೆಳಿಗ್ಗೆ ಹಚ್ಚಿದ್ದು ಮೇಡಂ."

"ತೆಗೀರಿ."

"ಪೂರ್ತಿನಾ?"

"ಕೆಳಗೆ ಏನಿದೆ ನೋಡೋಣ."

ಚಿಕ್ಕಮ್ಮ ಕಿಟಕಿಯ ಕರಿಬಟ್ಟೆ ಎಳೆದು ಬಿಸಾಡಿದಳು. ಹಗಲು ಒಳನುಗ್ಗಿತು. ಕಡ್ಡಿಯ ಮೇಲೆ ಕಡ್ಡಿ ಬದಲಾಯಿತು. ಸೊಸೆಯ ಪಕ್ಕದ ಬಟ್ಟಲಲ್ಲಿ ಬಣ್ಣ ಹತ್ತಿದ ಹತ್ತಿ ಗುಡ್ಡೆಯಾಯಿತು. ಹತ್ತು ನಿಮಿಷ, ಹದಿನೈದು ನಿಮಿಷ. ಚಿಕ್ಕಮ್ಮ ಅವಳ ಬೆನ್ನ ಹಿಂದೆ ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ.

"ಯಾರೋ ಇಲ್ಲಿ ಕಿಂಡಿ ತೆಗೆದು, ನೋಡಿ, ಮತ್ತೆ ಮುಚ್ಚಿದಾರೆ," ಎಂದಳು ಸೊಸೆ. "ಒರಟು ಕೆಲಸ ಅಲ್ಲ ಇದು. ಅಂಚು ನೋಡಿ, ಎಷ್ಟು ನಾಜೂಕು."

ಆಮೇಲೆ ಅವಳ ಕೈ ನಿಂತಿತು. ಹಾಗೇ ಹಿಂದಕ್ಕೆ, ನೆಲದ ಮೇಲೆ ಕುಸಿದು ಕುಳಿತಳು.

"ಮೇಡಂ... ಇದು ನಕಲಲ್ಲ."

ಚಿಕ್ಕಮ್ಮ ಬಗ್ಗಿದಳು. ಹಸಿ ಬಣ್ಣದ ಕೆಳಗೆ ಇನ್ನೊಂದು ಕೈಯಿತ್ತು. ಸುತ್ತಲಿನ ಚಿತ್ರಕ್ಕಿಂತ ಮಾಸಿದ್ದು, ಆದರೆ ಹೆಚ್ಚು ಜೀವವಿದ್ದದ್ದು. ಮೈತುಂಬ ಕೂದಲೆಳೆಯಂಥ ಬಿರುಕುಗಳು.

"ಈ ಬಿರುಕನ್ನ ಯಾರೂ ಮಾಡೋಕಾಗಲ್ಲ. ಮುನ್ನೂರು ವರ್ಷವೇ ಮಾಡಬೇಕು," ಸೊಸೆ ಒಂದೇ ಉಸಿರಿಗೆ ಹೇಳತೊಡಗಿದಳು. "ಮಾವ ಅಸಲನ್ನ ಮಾರಿಲ್ಲ. ಅದರ ಮೇಲೇ ಬರೆದಿದಾರೆ. ನಡುವೆ ವಾರ್ನಿಷ್ ಪದರ ಇದೆ ನೋಡಿ. ಬೇಕಾದಾಗ ಮೇಲಿನದನ್ನ ಕಳಚಬಹುದು, ಕೆಳಗಿನದಕ್ಕೆ ಒಂದು ಗೀರೂ ಬೀಳಲ್ಲ. ಕಳಚಲಿ ಅಂತಲೇ ಬರೆದದ್ದು. ನಾವು ಹಚ್ಚಿದ್ದನ್ನ ನಾಳೆ ಬಂದವರು ತೆಗೆಯೋ ಹಾಗಿರಬೇಕು ಅಂತ ನನಗೆ ಮೊದಲ ದಿನ ಹೇಳಿಕೊಟ್ಟ ಪಾಠ ಇದು. ನಾನು ಅವರನ್ನ ಕಳ್ಳ ಅಂದುಕೊಂಡೆ. ಆರು ದಿನ ಅಂದುಕೊಂಡೆ."

ಚಿಕ್ಕಮ್ಮನ ಕಿವಿ ಅತ್ತ, ಕಣ್ಣು ಇತ್ತ. ಆ ಹಳೆಯ ಕೈಯಲ್ಲಿ ತೋರುಬೆರಳು ಬರಿದಾಗಿತ್ತು. ಮುದ್ರೆಯುಂಗುರ ಹೆಬ್ಬೆರಳಲ್ಲಿತ್ತು. ಬರಿದಾದ ತೋರುಬೆರಳನ್ನು ಕೆಳಗಿನಿಂದ ಬಿಗಿಯಾಗಿ ಹಿಡಿದುಕೊಂಡಿದ್ದವು ನಾಲ್ಕು ಪುಟ್ಟ ಬೆರಳುಗಳು. ಮೂರೋ ನಾಲ್ಕೋ ವರ್ಷದ ಮಗುವಿನ ಬೆರಳು. ಮಗುವಿನ ಉಳಿದ ಮೈಯೆಲ್ಲ, ಈಗ ಮೇಜು ಕಾಣುವ ಜಾಗದಲ್ಲಿ, ಬಣ್ಣದ ಕೆಳಗಿತ್ತು.

ಮಕ್ಕಳಿಲ್ಲದ ರಾಣಿ. ಮೈದುನನ ವಂಶಕ್ಕೆ ಹೋದ ಪಟ್ಟ. ಟ್ರಸ್ಟಿನ ಅಧ್ಯಕ್ಷರು.

ಮೂವತ್ತೆಂಟು ವರ್ಷದ ಹಿಂದೆ ಕೊಳೆ ತೆಗೆಯುವಾಗ ಈ ಮಗು ಹೊರಗೆ ಬಂದಿರಬೇಕು. ಯಾರೋ ಅದನ್ನು ಅಳಿಸಿಹಾಕು ಎಂದಿರಬೇಕು. ಮೇಷ್ಟ್ರು ಅಳಿಸಲಿಲ್ಲ, ಅಡಗಿಸಿದರು. ಗುರುವಾರ ಅದನ್ನು ಹೊರತೆಗೆಯಲು ಹೊರಟರು.

"ಮುಚ್ಚಿದ ಕೈ ಯಾರದು?" ಚಿಕ್ಕಮ್ಮ ಸೊಸೆಯ ಎರಡೂ ಭುಜ ಹಿಡಿದಳು. "ನಾಜೂಕು ಅಂದ್ರಿ. ಇವತ್ತು ಬೆಳಿಗ್ಗೆ ಇಲ್ಲಿ ಕೂತು ಇಷ್ಟು ನಾಜೂಕಾಗಿ ಕೆಲಸ ಮಾಡೋರು ಯಾರಿದಾರೆ?"

ಸೊಸೆ ಬಟ್ಟಲಿನಿಂದ ಒಂದು ಹತ್ತಿ ಎತ್ತಿ ಬೆಳಕಿಗೆ ಹಿಡಿದಳು. ಇನ್ನೊಂದನ್ನು ಎತ್ತಿದಳು.

"ಇದರಲ್ಲಿ ಹಸಿರುಮಣ್ಣು ಇದೆ. ಮೈಬಣ್ಣಕ್ಕೆ ಸಾಸಿವೆಕಾಳಿನಷ್ಟು ಹಸಿರುಮಣ್ಣು ಸೇರಿಸೋದು ಮಾವನ ಗುಟ್ಟು. ಹೊರಗಿನ ಒಬ್ಬರಿಗೂ ಹೇಳಿಕೊಟ್ಟಿಲ್ಲ. ನನಗೊಬ್ಬಳಿಗೆ. ಅದಕ್ಕೂ ಮುಂಚೆ, ಮದುವೆಯಾದ ಹೊಸದರಲ್ಲಿ ಅತ್ತೆಗೆ. ಅತ್ತೆ ಕೈ ಮಾವನಿಗಿಂತ ಚೆನ್ನಾಗಿತ್ತಂತೆ. ಆದರೆ ಮೇಡಂ, ಅದು ಸಾಧ್ಯನೇ..."

ಚಿಕ್ಕಮ್ಮ ಪೂರ್ತಿ ಕೇಳಲು ನಿಲ್ಲಲಿಲ್ಲ. ಮೇಷ್ಟ್ರು ಸತ್ತ ಸಂಜೆ ಅವರ ಮನೆಗೆ ಹೋಗಿದ್ದಳು. ಒಳಕೋಣೆಯ ಬಾಗಿಲು ಮುಚ್ಚಿತ್ತು. "ಅಮ್ಮನ್ನ ಈಗ ಏನೂ ಕೇಳ್ಬೇಡಿ," ಎಂದು ಮಗ ಕೈಮುಗಿದಿದ್ದ. ಗಂಡ ಹೋದ ಹೆಂಗಸು, ಇರಲಿ ಎಂದು ಚಿಕ್ಕಮ್ಮ ಹಾಗೇ ಬಂದಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಮುಚ್ಚಿದ ಬಾಗಿಲನ್ನು ತೆಗೆಸದೆ ಬಂದದ್ದು ಅದೇ ಮೊದಲು.

ಬಾಗಿಲು ತೆಗೆದಳು. ದಫೇದಾರ ಕುರ್ಚಿಯಿಂದ ಎದ್ದು ನಿಂತ. ಇನ್ನೊಂದು ವರ್ಷದಲ್ಲಿ ನಿವೃತ್ತಿಯಾಗುವ, ಬಿಳಿ ಮೀಸೆಯ ಗಂಭೀರ ಮನುಷ್ಯ.

"ಇವತ್ತು ಬೆಳಿಗ್ಗೆ ಯಾರನ್ನ ಒಳಗೆ ಬಿಟ್ರಿ?"

"ಯಾರನ್ನೂ ಇಲ್ಲ ಮೇಡಂ."

"ದಫೇದಾರ್ರೇ."

ಮೀಸೆ ಅದುರಿತು. "ಹೊರಗಿನೋರು ಯಾರೂ ಅಲ್ಲ ಮೇಡಂ. ಮೇಷ್ಟ್ರ ಮನೆಯವರು ಬಂದಿದ್ರು. ಎಂಟು ಗಂಟೆ ಹೊತ್ತಿಗೆ. ಅವರು ಹೋದ ಜಾಗ ಒಂದ್ಸಲ ನೋಡ್ತೀನಿ, ಸ್ವಲ್ಪ ಹೊತ್ತು ಒಬ್ಬಳೇ ಕೂರ್ತೀನಿ ಅಂದ್ರು. ವಯಸ್ಸಾದೋರು, ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಬಾಗಿಲು ಹಾಕ್ಕೊಂಡು ಒಂದೂವರೆ ಗಂಟೆ ಕೂತಿದ್ರು. ಅಳೋಕೆ ಅಂತ ಅಂದ್ಕೊಂಡೆ."

"ಯಾರ ಜೊತೆ ಬಂದಿದ್ರು? ಯಾರು ಕರ್ಕೊಂಡು ಬಂದ್ರು?"

"ಯಾರೂ ಇಲ್ಲ. ಮೂರು ಮಹಡಿ ಮೆಟ್ಟಿಲು ತಾವೇ ಹತ್ತಿ ಬಂದ್ರು. ಒಳ್ಳೆ ಅಜ್ಜಿ ಮೇಡಂ." ದಫೇದಾರನ ಮುಖದಲ್ಲಿ ಸಣ್ಣ ನಾಚಿಕೆ ಸುಳಿಯಿತು. "ಹೋಗೋವಾಗ ಆ ಮೂಲೆಯಿಂದಲೇ ನನ್ನ ನೋಡಿ, 'ಎರಡನೇ ಗುಂಡಿ ಬಿಚ್ಚಿದೆ, ಹಾಕ್ಕೋ ಮಗು' ಅಂದ್ರು. ಐವತ್ತೊಂಬತ್ತು ವರ್ಷದ ನನ್ನ ಮಗು ಅಂದ್ರು."

ಹಿಂದೆ ಗಾಜು ಒಡೆದ ಸದ್ದಾಯಿತು. ಚಿಕ್ಕಮ್ಮ ತಿರುಗಿದಳು. ಸೊಸೆಯ ಕೈಯಲ್ಲಿದ್ದ ಸೀಸೆ ನೆಲದ ಮೇಲೆ ಚೂರಾಗಿತ್ತು. ದ್ರಾವಕ ಹರಿದು ಅವಳ ಪಾದ ಒದ್ದೆಯಾಗುತ್ತಿದ್ದರೂ ಅವಳಿಗೆ ಅದರ ಪರಿವೆಯಿರಲಿಲ್ಲ.

"ಅತ್ತೆಗೆ ಕಣ್ಣು ಕಾಣಲ್ಲ ಮೇಡಂ," ಎಂದಳು. "ಆರು ವರ್ಷ ಆಯ್ತು. ಇವತ್ತು ಬೆಳಿಗ್ಗೆ ಕೂಡ ಕಾಫಿ ಲೋಟಾನ ನಾನೇ ಅವರ ಕೈಗೆ ಹಿಡಿಸಿ ಬಂದಿದೀನಿ."